ಮೆಲುದನಿಗೆ ಕಿವಿಗೊಟ್ಟ ಮೈಕ್ ಪ್ರೇಮಕ್ಕ

ಮೊಳಕಾಲ್ಮೂರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಿಂದಿನ ಬೀದಿಯ ಯಾವುದೋ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಆಗಲೇ ಶುರುವಾಗಿದೆ. ಬಾಡಿಗೆಯ ಸಭಾಂಗಣವೊಂದರ ಕಿಟಕಿಗಳನ್ನು ಮುಚ್ಚಿಕೊಂಡು ಬರುತ್ತಿರುವ ಹೆಂಗಸು ಆ ಸದ್ದು ಕೇಳಿ ಒಂದು ಗಳಿಗೆ ನಿಲ್ಲುತ್ತಾರೆ, ಮುಚ್ಚಿದ ಕಿಟಕಿಯನ್ನು ಮತ್ತೆ ತೆರೆದು ನೋಡುತ್ತಾರೆ, ಮತ್ತೆ ಮುಚ್ಚುತ್ತಾರೆ. ಮೇಜಿನ ಬಳಿ ಬಂದು ಹೆಡ್‌ಫೋನ್ ಹಾಕಿಕೊಂಡು ಖಾಲಿ ಸಭಾಂಗಣವನ್ನು ಕೇಳಿಸಿಕೊಳ್ಳುತ್ತಾರೆ. ಕೂತ ಕುರ್ಚಿಯಿಂದ ತಕ್ಷಣವೇ ಎದ್ದು ಹೋಗಿ ಫ್ಯಾನು ಆರಿಸುತ್ತಾರೆ. ಮತ್ತೆ ಕೂರುತ್ತಾರೆ. ಟ್ಯೂಬ್‌ಲೈಟ್ ಕಡೆ ನೋಡಿ ಹಣೆ ಗಂಟಿಕ್ಕುತ್ತಾರೆ.

"ಈ ಲೈಟು ಗುಂಯ್ ಅಂತೈತೆ, ಕೇಳ್ತಾ ನಿಮ್ಗೆ?" ಎಂದು ನನ್ನನ್ನು ಕೇಳುತ್ತಾರೆ. ನನಗೆ ಏನೂ ಕೇಳಿಸುತ್ತಿಲ್ಲ. "ಕೇಳಲ್ಲ ಬಿಡ್ರಿ, ನಂಗೂ ಮನ್ಯಾಗೆ ಇದ್ರೆ ಕೇಳಲ್ಲ. ಕ್ಯಾಸೆಟ್‌ನಾಗೆ ಮಾತ್ರ ಬಂದು ಕುಂತ್‌ಕಂತೈತೆ," ಎನ್ನುತ್ತ ಸ್ವಿಚ್ಚಿನತ್ತ ನಡೆಯುತ್ತಾರೆ.

ಇವರು ಪ್ರೇಮಲತಾ. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ ಪ್ರೇಮಕ್ಕ ಎಂದರೆ ಬಸ್ ಕಂಡಕ್ಟರೂ ಗುರುತು ಹಿಡಿಯುತ್ತಾರೆ. ಎರಡೂ ಊರುಗಳಲ್ಲಿ ಒಂದು ತರಬೇತಿ ಸಂಸ್ಥೆಯವರು ಎರಡು ವರ್ಷಗಳಿಂದ ಗ್ರಾಮ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ಪಾಠ ಹೇಳಿಸುತ್ತಿದ್ದಾರೆ. ಪಾಠ ಹೇಳುವವರು ದೂರದ ಸ್ಟುಡಿಯೊದಲ್ಲಿ ಕೂತಿರುತ್ತಾರೆ. ಅವರ ಮುಖ ಮತ್ತು ಮಾತು ಮಾಳಿಗೆಯ ಮೇಲಿನ ಡಿಶ್ಶಿನಿಂದ ಸಭಾಂಗಣದ ಟಿವಿಗೆ ಬರುತ್ತವೆ. ಇಲ್ಲಿ ಕೂತ ಸದಸ್ಯರು ಏನಾದರೂ ಕೇಳಬೇಕೆಂದರೆ ಮೈಕಿನಲ್ಲಿ ಕೇಳಬೇಕು, ಅದು ಟೆಲಿಫೋನ್ ತಂತಿಯಲ್ಲಿ ಸ್ಟುಡಿಯೊಗೆ ಹೋಗುತ್ತದೆ. ಸಭಾಂಗಣದ ಮಾತು, ಟಿವಿಯ ಮಾತು, ಫೋನಿನ ಮಾತು ಮೂರನ್ನೂ ಒಂದೇ ಕ್ಯಾಸೆಟ್ಟಿನಲ್ಲಿ, ಯಾವುದೂ ಇನ್ನೊಂದನ್ನು ನುಂಗದ ಹಾಗೆ ಇಳಿಸುವುದು ಪ್ರೇಮಕ್ಕನ ಕೆಲಸ.

ಕೇಳುವುದಕ್ಕೆ ಸುಲಭ. ಎದುರಿಗೆ ಕೂತು ನೋಡಿದರೆ ತಿಳಿಯುತ್ತದೆ ಅದರ ಕಷ್ಟ. ಸದಸ್ಯರೊಬ್ಬರು ಮೈಕಿನಲ್ಲಿ ಆಡಿದ ಮಾತು ಸ್ಟುಡಿಯೊಗೆ ಹೋಗಿ, ಉಪಗ್ರಹ ಹತ್ತಿ ಇಳಿದು, ಸ್ವಲ್ಪ ತಡವಾಗಿ ಅದೇ ಸಭಾಂಗಣದ ಟಿವಿಯಲ್ಲಿ ಮತ್ತೆ ಕೇಳುತ್ತದೆ. ಆ ಟಿವಿಯ ದನಿಯನ್ನು ಮೈಕು ಮತ್ತೆ ಹಿಡಿದುಕೊಂಡರೆ ಕುಂಯ್ಯೋ ಎಂದು ಕಿವಿ ಹರಿಯುವ ಸದ್ದು. ಹಾಗಾಗಿ ಇಲ್ಲಿಯವರು ಬಾಯಿ ತೆರೆಯುವ ಮೊದಲು ಟಿವಿಯ ದನಿ ಇಳಿಸಬೇಕು, ಅಲ್ಲಿಯವರು ಮಾತು ತೆಗೆಯುತ್ತಿದ್ದಂತೆ ಏರಿಸಬೇಕು. ಮುಂದಿನ ಸಾಲಿನವರು ಜಾತ್ರೆಯಲ್ಲಿ ಕೂಗಿದಂತೆ ಮಾತಾಡಿದರೆ ದನಿ ಏರಿಳಿಸುವ ಡಬ್ಬಿಯ ಮೇಲಿನ ಸೂಜಿ ಕೆಂಪು ಗೆರೆ ದಾಟಿ ದನಿ ಒಡೆಯುತ್ತದೆ. ಹಿಂದಿನ ಸಾಲಿನವರು ಸೆರಗಿನೊಳಗೇ ಮಾತಾಡಿದರೆ ಸೂಜಿ ಅಲ್ಲಾಡುವುದೇ ಇಲ್ಲ. ಡಬ್ಬಿಯಲ್ಲಿ ಒಂದೊಂದು ದನಿಗೂ ಒಂದೊಂದು ತಿರುಗುಗುಂಡಿ, ಪ್ರೇಮಕ್ಕನ ಬಾಯಲ್ಲಿ ನಾಬು; ಅವರ ಕೈ ಒಂದೇ ನಾಬಿನ ಮೇಲೆ ನಿಂತದ್ದನ್ನು ನಾನು ನೋಡಲಿಲ್ಲ.

"ನಮ್ಮ ಅವ್ವ ಬೈತಿದ್ಳು, ಇವ್ಳ ಕಾಲಾಗೆ ಚಕ್ರ ಐತೆ ಅಂತ," ಎಂದು ನಗುತ್ತಾರೆ. "ಈಗ ಕೈಯಾಗೂ ಐತೆ."

ಪ್ರೇಮಕ್ಕ ಹುಟ್ಟಿದ್ದು ಪರಶುರಾಂಪುರದಲ್ಲಿ. ತಂದೆ ದೊಡ್ಡಪಾಲಯ್ಯನವರು ಸುತ್ತಲಿನ ಹಳ್ಳಿಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ನಾಮಕರಣ, ಚುನಾವಣೆ, ನಾಟಕ, ಕುರಿ ಸಂತೆಯ ಸಾರಿಕೆ ಎಲ್ಲಕ್ಕೂ ಅವರದೇ ಬೂದು ಬಣ್ಣದ ಹಾರ್ನ್. ಗಂಡು ಮಕ್ಕಳಿಲ್ಲದ ಮನೆ. ಸೈಕಲ್ಲಿನ ಹಿಂದೆ ಬ್ಯಾಟರಿ ಹಿಡಿದು ಕೂರಲು ಮಗಳನ್ನೇ ಕರೆದೊಯ್ಯುತ್ತಿದ್ದರು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಕೆಟ್ಟ ಆಂಪ್ಲಿಫೈಯರ್ ಬಿಚ್ಚಿ ಬೆಸುಗೆ ಹಾಕುವುದನ್ನು ಆಕೆ ಕಲಿತಾಗಿತ್ತು. ಹೆಣ್ಣುಮಗಳು ಕಂಬ ಹತ್ತಿ ಹಾರ್ನ್ ಕಟ್ಟುತ್ತಾಳೆಂದು ಆಡಿಕೊಂಡವರೂ ಇದ್ದರು. ದೊಡ್ಡಪಾಲಯ್ಯ ಆಡಿಕೊಂಡವರ ಮನೆಯ ಮದುವೆಗೂ ಅವಳನ್ನೇ ಕಳಿಸಿದರು.

ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ಮಾರುತಿ ಶೇಂಗಾ ಎಣ್ಣೆ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವರು. ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ನಿಂತು ಅವರಿಗೆ ಕಿವಿ ಮಂದವಾಗಿದೆ. ಮನೆಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡಬೇಕು. "ಅವ್ರಿಗೆ ಒಂದ್ ಲೆವೆಲ್ಲು, ಕ್ಯಾಸೆಟ್ಟಿಗೆ ಒಂದ್ ಲೆವೆಲ್ಲು. ಮನೆಗೆ ಹೋಗಿ ಮೆತ್ತಗೆ ಮಾತಾಡಿದ್ರೆ ಮುನಿಸ್ಕಂಡೀಯಾ ಅಂತಾರೆ," ಎನ್ನುತ್ತಾರೆ ಪ್ರೇಮಕ್ಕ. ತಂದೆ ತೀರಿಕೊಂಡ ಮೇಲೆ ಅವರ ಸಾಮಾನನ್ನೆಲ್ಲ ತಂದು ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಿಕ್ಕ ಅಂಗಡಿ ಇಟ್ಟರು. ತರಬೇತಿ ಸಂಸ್ಥೆಯವರು ಹುಡುಕಿಕೊಂಡು ಬಂದದ್ದು ಅಲ್ಲಿಗೇ.

ಈ ಕ್ಯಾಸೆಟ್ಟುಗಳಿಗೆ ಒಂದು ಬೆಲೆಯಿದೆ. ತರಬೇತಿಯ ದಿನ ಫೋನಿನ ಮೂಲಕ ಸಿಗುವ ಹೊತ್ತು ಕಡಿಮೆ, ಎಲ್ಲರ ಪ್ರಶ್ನೆಗೂ ಅಲ್ಲೇ ಉತ್ತರ ಹೇಳಲು ಆಗುವುದಿಲ್ಲ. ಆದ್ದರಿಂದ ಕ್ಯಾಸೆಟ್ಟುಗಳು ಸಂಸ್ಥೆಯ ಮುಖ್ಯ ಕಚೇರಿಗೆ ಹೋಗುತ್ತವೆ. ಅಲ್ಲಿ ಕೂತವರು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಸಂಬಂಧಪಟ್ಟವರಿಗೆ ಮುಟ್ಟಿಸುತ್ತಾರೆ. ಕೇಳಿಸದ ಪ್ರಶ್ನೆ ಅಲ್ಲಿಗೇ ಬಿದ್ದುಹೋಗುತ್ತದೆ.

ಮೊದಲ ಕೆಲವು ತರಬೇತಿಗಳಾದ ಮೇಲೆ, ಈ ಎರಡೂ ಕೇಂದ್ರಗಳ ಉಸ್ತುವಾರಿ ನೋಡುವ ಶಾಂತವೀರಪ್ಪನವರು ಒಂದು ಮಾತು ಹೇಳಿದರು. ಮುಖ್ಯ ಕಚೇರಿಯವರಿಗೆ ಗಂಡಸರ ಪ್ರಶ್ನೆಗಳೆಲ್ಲ ಸಿಗುತ್ತಿವೆ, ಹೆಂಗಸರು ಮಾತಾಡಿದ ಕಡೆ ಬರೀ ಗೊರಗೊರ ಅಂತಿದೆಯಂತೆ ಎಂದು. ಅವರು ಅದನ್ನು ದೂರಿನಂತೆ ಹೇಳಿರಲಿಲ್ಲ. ಪ್ರೇಮಕ್ಕನಿಗೆ ಮಾತ್ರ ಅದು ಮುಳ್ಳಿನಂತೆ ನೆಟ್ಟಿತು.

"ಊಟ ಸೇರ್ಲಿಲ್ಲ ಕಣ್ರಿ ನಂಗೆ. ಅಷ್ಟು ದೂರದ ಹಟ್ಟಿಯಿಂದ ಬಂದಿರ್ತಾರೆ, ಕೂಸು ಕಟ್ಕಂಡು ಬಂದಿರ್ತಾರೆ. ಬಂದು ಕೇಳಿದ್ದು ಎಲ್ಲಿಗೂ ಹೋಗ್ಲಿಲ್ಲ ಅಂದ್ರೆ ಅವ್ರು ಬಂದಿದ್ದೇ ದಂಡ ಅಲ್ವಾ?"

ಅಂದಿನಿಂದ ಹೆಂಗಸರು ಎದ್ದರೆ ಸಾಕು, ಪ್ರೇಮಕ್ಕನ ಬೆನ್ನು ನೆಟ್ಟಗಾಗುತ್ತಿತ್ತು. ಆದರೆ ಕಷ್ಟ ನಾಬಿನಲ್ಲಿ ಇರಲಿಲ್ಲ. ಸದಸ್ಯೆಯರ ಜೊತೆಗೆ ಅವರ ಗಂಡಂದಿರೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹೆಂಡತಿಯ ಹೆಸರು ಕರೆದರೆ ಎದ್ದು ಬರುತ್ತಿದ್ದವರು ಗಂಡ.

ರಾಂಪುರದ ಹತ್ತಿರದ ಒಂದು ಹಟ್ಟಿಯಿಂದ ಗೆದ್ದು ಬಂದ ಸದಸ್ಯೆ ದುರುಗಕ್ಕ. ಐವತ್ತರ ಅಂಚಿನ ಹೆಂಗಸು. ಮನೆಮಾತು ತೆಲುಗು, ಕನ್ನಡವೂ ಚೆನ್ನಾಗಿಯೇ ಬರುತ್ತದೆ. ಗಂಡ ಯರ್ರಪ್ಪನವರಿಗೆ ಊರಿನ ಪಂಚಾಯಿತಿಕಟ್ಟೆಯಲ್ಲಿ ಮಾತಾಡಿ ಅಭ್ಯಾಸ. ದೊಡ್ಡ ದನಿ, ಎದೆ ತುಂಬಿದ ದನಿ. ಹೋದ ವರ್ಷ ಬೇಸಿಗೆಯ ಒಂದು ತರಬೇತಿಯಲ್ಲಿ ಸ್ಟುಡಿಯೊದಿಂದ ಕರೆ ಬಂತು: "ಮೊಳಕಾಲ್ಮೂರು ಕೇಂದ್ರದಿಂದ ದುರುಗಮ್ಮನವರು ತಮ್ಮ ಪ್ರಶ್ನೆ ಕೇಳಬಹುದು." ಮುಂದಿನ ಮೇಜಿನ ಮೇಲೆ ಎರಡು ಮೈಕುಗಳಿದ್ದವು. ದುರುಗಕ್ಕ ಒಂದರ ಮುಂದೆ ನಿಂತರು. ಯರ್ರಪ್ಪ ಹಿಂದಿನಿಂದ ಬಂದು ಇನ್ನೊಂದನ್ನು ಕೈಗೆತ್ತಿಕೊಂಡರು.

"ಸಾರ್, ನಮ್ಮೂರಾಗೆ ಚರಂಡಿ ಕಾಮಗಾರಿ ಅರ್ಧಕ್ಕೆ ನಿಂತೈತೆ," ಎಂದು ಯರ್ರಪ್ಪ ಶುರುಮಾಡಿದರು. ಅದೇ ಹೊತ್ತಿಗೆ ದುರುಗಕ್ಕನೂ ಬಾಯಿ ತೆರೆದಿದ್ದರು. ಹೆಡ್‌ಫೋನಿನಲ್ಲಿ ಪ್ರೇಮಕ್ಕನಿಗೆ ಚರಂಡಿಯ ಕೆಳಗೆಲ್ಲೋ ಎರಡು ಶಬ್ದ ಕೇಳಿದವು. ಒಂದು "ನರ್ಸಮ್ಮ", ಇನ್ನೊಂದು "ಟ್ರ್ಯಾಕ್ಟರು".

ಸೂಜಿ ಕೆಂಪಿಗೆ ಹೋಗಿತ್ತು. ಪ್ರೇಮಕ್ಕ ಯರ್ರಪ್ಪನವರ ಮೈಕನ್ನು ಸ್ವಲ್ಪ ಇಳಿಸಿದರು. ಅಷ್ಟು ಮಾಡುವುದು ಅವರ ಕೆಲಸವೇ. ಆದರೆ ಕೈ ಅಲ್ಲಿಗೆ ನಿಲ್ಲಲಿಲ್ಲ. ಪೂರಾ ಇಳಿಸಿಬಿಟ್ಟರು. ಇನ್ನೊಂದು ಕೈಯಲ್ಲಿ ದುರುಗಕ್ಕನ ಮೈಕನ್ನು ಏರಿಸಿದರು.

ಯರ್ರಪ್ಪ ಮೈಕನ್ನು ಬೆರಳಿನಿಂದ ಬಡಿದರು, ಊದಿದರು. "ಲೇ, ಮೈಕ್ ಸತ್ತೈತೆ ನೋಡ್ರೋ," ಎಂದರು. ಹಿಂದಿನ ಸಾಲಿನ ಗಂಡಸರು ನಕ್ಕರು. ದುರುಗಕ್ಕನ ಮಾತು ಈಗ ಸಭಾಂಗಣ ತುಂಬಿತು: "ನಮ್ಮ ಹಟ್ಟಿಗೆ ನರ್ಸಮ್ಮ ಬರಲ್ಲ ಸಾರ್. ಹೆಣ್ಮಕ್ಳು..." ಅಷ್ಟರಲ್ಲಿ ಆಗಬಾರದ್ದು ಆಯಿತು. ಎರಡೂ ಕೈ ಎರಡು ಮೈಕುಗಳ ನಾಬಿನ ಮೇಲಿದ್ದುದರಿಂದ ಪ್ರೇಮಕ್ಕ ಟಿವಿಯ ದನಿ ಇಳಿಸುವುದನ್ನು ಮರೆತಿದ್ದರು. ದುರುಗಕ್ಕನ ಮಾತು ಸ್ಟುಡಿಯೊ ಸುತ್ತಿಕೊಂಡು ಬಂದು ಟಿವಿಯಿಂದ ಆಕೆಯ ಮುಖಕ್ಕೇ ಬಡಿಯಿತು. ನಮ್ಮ ಹಟ್ಟಿಗೆ ನರ್ಸಮ್ಮ ಬರಲ್ಲ ಸಾರ್. ಆಕೆ ಬೆಚ್ಚಿ ಹಿಂದೆ ಸರಿದರು. "ಇದಿ ನಾ ಗೊಂತೇನಾ?" ಇದು ನನ್ನ ದನಿಯಾ ಎಂದು ತೆಲುಗಿನಲ್ಲಿ ಯಾರನ್ನೋ ಕೇಳಿದರು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಹೋಗಿ ಕೂತುಬಿಟ್ಟರು. ಪ್ರಶ್ನೆ ಅರ್ಧಕ್ಕೇ ನಿಂತಿತು. ಸ್ಟುಡಿಯೊದವರು ಬೇರೆ ಊರಿನ ಕೇಂದ್ರವನ್ನು ಕರೆದರು.

ಯರ್ರಪ್ಪನವರ ಕಣ್ಣು ಅಷ್ಟರಲ್ಲಿ ಪ್ರೇಮಕ್ಕನ ಕೈ ಮೇಲೆ ಬಿದ್ದಿತ್ತು. ತರಬೇತಿ ಮುಗಿದ ಮೇಲೆ ನೇರ ಶಾಂತವೀರಪ್ಪನವರ ಹತ್ತಿರ ಹೋದರು. ಶಾಂತವೀರಪ್ಪ ಪ್ರೇಮಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದರು, "ಏನ್ ಪ್ರೇಮಕ್ಕ, ಬೇಕಂತ ಮಾಡಿದ್ರಾ?"

"ಹೌದು ಸಾರ್."

"ಮೈಕ್ ನೋಡ್ಕಳೋದು ನಿಮ್ಮ ಕೆಲಸ. ಯಾರು ಮಾತಾಡ್ಬೇಕು ಅನ್ನೋದನ್ನ ನೀವು ತೀರ್ಮಾನ ಮಾಡಿದ್ರೆ ಹೆಂಗೆ? ನಾಳೆ ಇನ್ನೊಬ್ಬರ ಬಾಯಿ ಮುಚ್ಚಿಸ್ತೀರಿ. ಯಾರನ್ನ ಅಂತ ನಿಮ್ಮನ್ನ ಕೇಳೋರು ಯಾರು?"

ಪ್ರೇಮಕ್ಕ ಈಗ ಅದನ್ನು ಒಪ್ಪುತ್ತಾರೆ. "ಅವ್ರು ಹೇಳಿದ್ದು ಖರೇನೇ. ಆ ನಾಬು ಭಾಳ ಕೆಟ್ಟದ್ದು ಕಣ್ರಿ. ಸುಮ್ನೆ ಹಿಂಗೆ ತಿರುವಿದ್ರೆ ಒಬ್ಬ ಮನುಷ್ಯ ಇಲ್ಲ ಅನ್ನಿಸ್ಬೋದು."

ಮುಂದಿನ ತರಬೇತಿಗಳಿಗೆ ಮೈಕ್ ನೋಡಿಕೊಳ್ಳಲು ಬೇರೊಬ್ಬರು ಬಂದರು. ಪ್ರೇಮಕ್ಕ ಮದುವೆ ಮನೆಗಳ ಮೈಕಿಗೆ ಮರಳಿದರು. ಓಲಗದ ಸದ್ದಿನ ನಡುವೆಯೂ ಅವರಿಗೆ ಅದೊಂದೇ ಚಿಂತೆ: ಆ ಹೆಂಗಸಿಗೆ ಮನೆಯಲ್ಲಿ ಏನಾಯಿತೋ? ಅಂಗಡಿಯ ಬಾಗಿಲು ತೆರೆಯುವುದು, ಕೂರುವುದು, ಎದ್ದು ರಸ್ತೆಗೆ ಬಂದು ನಿಲ್ಲುವುದು. ಮೊಳಕಾಲ್ಮೂರು ಕಡೆಯ ಬಸ್ಸು ಹೋದಾಗಲೆಲ್ಲ ಅದರ ಕಿಟಕಿಗಳನ್ನು ನೋಡುವುದು. ಮಾರುತಿಯವರೇ ಕೊನೆಗೆ ಹೇಳಿದರಂತೆ, "ಹೋಗಿ ನೋಡ್ಕಂಡಾದ್ರೂ ಬಾ. ಇಲ್ಲಿ ನೀನು ಮಾತ್ರ ಅಲ್ಲ, ನಾನೂ ಕುಂತ್ ಕಡೆ ಕೂರ್ದಂಗೆ ಆಗೈತೆ."

ಒಂದು ಬೆಳಿಗ್ಗೆ ಚಿಕ್ಕ ಟೇಪ್ ರೆಕಾರ್ಡರ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ರಾಂಪುರದಲ್ಲಿ ಇಳಿದು, ಹಟ್ಟಿಗೆ ನಡೆದು ಹೋದರು. ದುರುಗಕ್ಕ ಅಂಗಳದಲ್ಲಿ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕೂತಿದ್ದರು. ಯಾಕೆ ಬಂದೆ ಎನ್ನಲಿಲ್ಲ. ನೀರು ಕೊಟ್ಟರು, ಕೂರಲು ಗೋಣಿಚೀಲ ಹಾಸಿದರು, ಮುಂದೆ ಒಂದು ಮೊರವನ್ನೂ ತಳ್ಳಿದರು. ಪ್ರೇಮಕ್ಕನೂ ಸುಲಿಯತೊಡಗಿದರು.

"ಯಜಮಾನ್ರು ಏನಾದ್ರೂ ಅಂದ್ರಾ?" ಎಂದು ಮೆಲ್ಲಗೆ ಕೇಳಿದರು.

"ಅವ್ರು ಎರಡು ದಿನ ಮಾತು ಬಿಟ್ಟಿದ್ರು. ಅದು ಹೋಗ್ಲಿ ಬಿಡಮ್ಮಾ, ಅವ್ರ ಸಿಟ್ಟು ನಂಗೆ ಹೊಸದೇನಲ್ಲ," ಎಂದರು ದುರುಗಕ್ಕ. ಸುಲಿಯುವುದನ್ನು ನಿಲ್ಲಿಸಿ ಪ್ರೇಮಕ್ಕನ ಮುಖ ನೋಡಿದರು. "ನಂಗೆ ಸಿಟ್ಟು ಬಂದಿದ್ದು ನಿನ್ ಮ್ಯಾಲೆ."

ಪ್ರೇಮಕ್ಕ ಈ ಮಾತನ್ನು ನಿರೀಕ್ಷಿಸಿರಲಿಲ್ಲ.

"ಅವ್ರು ನನ್ ಮಾತು ಅವ್ರೇ ಆಡ್ತಾರೆ, ನನ್ನ ಕೇಳಲ್ಲ. ನೀನೂ ಕೇಳ್ಲಿಲ್ಲ. ಅಷ್ಟು ಜನದಾಗೆ ನನ್ ದನಿ ಅಷ್ಟು ದೊಡ್ಡದು ಮಾಡಿ ಬಿಟ್ಟೆ. ಯಾರೋ ನನ್ ಒಳಗಿನಿಂದ ಎದ್ದು ಹೊರಗೆ ನಿಂತಂಗಾತು. ಎದೆ ಹೊಡ್ಕಂಡಿದ್ದು ನಿಲ್ಲಬೇಕಾದ್ರೆ ಊರು ಬಂದಿತ್ತು. ಮೊದ್ಲೇ ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತು ತಾಯಿ?"

"ತಪ್ಪಾತು ಅಂದೆ," ಎನ್ನುತ್ತಾರೆ ಪ್ರೇಮಕ್ಕ. "ಗಂಡಸ್ರಿಗೆ ಬುದ್ಧಿ ಕಲಿಸ್ದೆ ಅಂತ ಒಳಗೊಳಗೆ ಸ್ವಲ್ಪ ಜಂಬ ಇತ್ತು ನಂಗೆ. ಆಯಮ್ಮ ಅದನ್ನ ಶೇಂಗಾ ಸಿಪ್ಪೆ ಸುಲಿದಂಗೆ ಸುಲಿದು ಕೈಗೆ ಕೊಟ್ಳು."

ಆಮೇಲೆ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದರು. "ಕೇಳ್ತೀಯೇನಕ್ಕ ನಿನ್ ದನಿನ? ಬ್ಯಾಡ ಅಂದ್ರೆ ಬ್ಯಾಡ," ಎಂದರು. ದುರುಗಕ್ಕ ಆಗಲಿ ಎಂದು ತಲೆಯಾಡಿಸಿದರು. ಏನು ಹೇಳಬೇಕೆಂದು ತಿಳಿಯದೆ, ಶೇಂಗಾಕ್ಕೆ ಬಾಯಿ ಹಾಕಲು ಬಂದ ಮೇಕೆಯನ್ನು ಬೈದರು. ಅದನ್ನೇ ಹಾಕಿ ಕೇಳಿಸಿದಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಪಕ್ಕದ ಮನೆಯವರನ್ನು ಕೂಗಿ ಕರೆದರು. ಒಬ್ಬೊಬ್ಬರೂ ತಮ್ಮ ದನಿ ಕೇಳಿ, "ಅಯ್ಯೋ, ನಮ್ಮ ಅವ್ವನ ದನಿ ಇದ್ದಂಗೈತಲ್ಲೇ," ಎಂದು ಬೆರಗಾದರು. ಹೊಲದಿಂದ ಬಂದ ಯರ್ರಪ್ಪ ಬಾಗಿಲಲ್ಲಿ ನಿಂತು ನೋಡಿದರು, ಆಮೇಲೆ ಒಳಗೆ ಹೋದರು.

ಶ್ರಾವಣದ ಮದುವೆಗಳು ಶುರುವಾಗಿ, ಹೊಸದಾಗಿ ಬಂದ ಮೈಕಿನವರು ಅದರಲ್ಲೇ ಮುಳುಗಿದಾಗ, ಶಾಂತವೀರಪ್ಪನವರು ಮತ್ತೆ ಪ್ರೇಮಕ್ಕನಿಗೆ ಫೋನ್ ಮಾಡಿದರು. ಪ್ರೇಮಕ್ಕ ಒಂದು ಮಾತು ಮಾತ್ರ ಕೇಳಿಕೊಂಡರು: ತರಬೇತಿ ಶುರುವಾಗುವ ಮೊದಲು ಸದಸ್ಯೆಯರ ಜೊತೆ ಸ್ವಲ್ಪ ಹೊತ್ತು ಬೇಕು. ಶಾಂತವೀರಪ್ಪ ಒಪ್ಪಿದರು.

ಆ ಸ್ವಲ್ಪ ಹೊತ್ತನ್ನೇ ನಾನು ಈಗ ನೋಡುತ್ತಿರುವುದು. ಬಸ್ಸು, ಟೆಂಪೊ ಇಳಿದು ಬಂದ ಹೆಂಗಸರು ಚಹಾದ ಲೋಟ ಹಿಡಿದು ಮೇಜಿನ ಸುತ್ತ ಸೇರಿದ್ದಾರೆ. ಒಬ್ಬೊಬ್ಬರ ಕೈಗೂ ಮೈಕು ಕೊಟ್ಟು, ಬೆಳಿಗ್ಗೆ ಏನು ತಿಂದು ಬಂದಿರಿ ಎಂದು ಕೇಳುತ್ತಾರೆ ಪ್ರೇಮಕ್ಕ. ಮುದ್ದೆ, ಮಂಡಕ್ಕಿ, ಏನೂ ಇಲ್ಲ. ಅವರ ದನಿಯನ್ನು ಅವರಿಗೇ ಕೇಳಿಸಿ, ಟಿವಿಯಿಂದ ಅದು ಹೇಗೆ ತಿರುಗಿ ಬರುತ್ತದೆಂದು ಹೇಳುತ್ತಾರೆ. "ದನಿ ಜೋರು ಮಾಡ್ಲಾ, ಇಷ್ಟೇ ಇರ್ಲಾ?" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಬೇಡ ಎಂದವರಿಗೆ ಮೈಕನ್ನು ಹತ್ತಿರ ಸರಿಸಿ ಕೊಡುತ್ತಾರೆ, ಅಷ್ಟೆ. ಗಂಡಂದಿರು ಈಗಲೂ ಬರುತ್ತಾರೆ, ಈಗಲೂ ಎದ್ದು ಬಂದು ಮಾತಾಡುತ್ತಾರೆ. ಅವರ ಮೈಕನ್ನು ಪೂರಾ ಇಳಿಸುವುದಿಲ್ಲ. "ಅವ್ರದೂ ಮಾತೇ ಅಲ್ವಾ? ಕೆಂಪು ಗೆರೆ ದಾಟ್ದಂಗೆ ನೋಡ್ಕಂತೀನಿ. ಆದ್ರೆ ಒಬ್ರು ಮುಗಿಸೋತನಕ ಇನ್ನೊಬ್ರ ಕೈಗೆ ಮೈಕ್ ಕೊಡಲ್ಲ."

ಕಳೆದ ಮಳೆಗಾಲದಲ್ಲಿ ದುರುಗಕ್ಕ ಮತ್ತೆ ಬಂದರು. ಯರ್ರಪ್ಪನವರೂ ಬಂದಿದ್ದರು. ಹೆಸರು ಕರೆದಾಗ ಯರ್ರಪ್ಪ ಕುರ್ಚಿಯ ಅಂಚಿಗೆ ಸರಿದರಂತೆ, ಏಳಲಿಲ್ಲ. ದುರುಗಕ್ಕ ಮೈಕಿನ ಮುಂದೆ ನಿಂತು ಮೊದಲು ಪ್ರೇಮಕ್ಕನತ್ತ ನೋಡಿದರು. ಪ್ರೇಮಕ್ಕ ಟಿವಿಯ ದನಿ ಇಳಿಸಿ ತಲೆಯಾಡಿಸಿದರು.

"ನಮ್ಮ ಹಟ್ಟಿಗೆ ನರ್ಸಮ್ಮ ಬರಲ್ಲ ಸಾರ್. ಪಕ್ಕದ ದೊಡ್ಡೂರಿಗೆ ಬಂದು ಅಲ್ಲಿಂದಲೇ ವಾಪಸ್ ಹೋಗ್ತಾರೆ. ನೋವು ಬಂದ್ರೆ ಹೆಣ್ಮಕ್ಳನ್ನ ಟ್ರ್ಯಾಕ್ಟರ್‌ನಾಗೆ ಹಾಕ್ಕಂಡು ರಾಂಪುರಕ್ಕೆ ಓಡ್ತೀವಿ. ನಮ್ಮ ತಂಗಿ ಮಗಳು ದಾರ್ಯಾಗೇ ಹೆತ್ಲು, ಕೂಸು ಉಳೀಲಿಲ್ಲ. ನಾನು ಯಾರನ್ನ ಕೇಳ್ಬೇಕು, ಅದನ್ನ ಹೇಳ್ರಿ."

ಸ್ಟುಡಿಯೊದವರು ಕೂಡಲೇ ಉತ್ತರ ಕೊಡಲಿಲ್ಲ, ತಿಳಿದು ಹೇಳುತ್ತೇವೆ ಎಂದರು. ಆದರೆ ಆ ಕ್ಯಾಸೆಟ್ಟು ಹೋಯಿತು, ಪ್ರಶ್ನೆ ಪೂರ್ತಿಯಾಗಿ ಹೋಯಿತು. ಸುಗ್ಗಿಯ ಹೊತ್ತಿಗೆ ನರ್ಸು ತಿಂಗಳಿಗೊಮ್ಮೆ ಹಟ್ಟಿಗೇ ಬರತೊಡಗಿದರು. ಗಾಡಿಯ ವ್ಯವಸ್ಥೆ ಇನ್ನೂ ಆಗಿಲ್ಲ. ಟ್ರ್ಯಾಕ್ಟರ್ ಓಡುವುದು ನಿಂತಿಲ್ಲ. ದುರುಗಕ್ಕ ಅದನ್ನೂ ಕೇಳಬೇಕೆಂದು ಕಾದಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದರೆ ಪ್ರೇಮಕ್ಕ ಮತ್ತೆ ಎದ್ದು ನಿಲ್ಲುತ್ತಾರೆ. ಈ ತರಬೇತಿಗಳು ಮುಂದಿನ ವರ್ಷ ಇರುತ್ತವೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅದಕ್ಕೂ ಮೊದಲು ಮಾತಾಡಿದ ಪ್ರತಿಯೊಬ್ಬ ಹೆಂಗಸಿಗೂ ಅವರ ಮಾತಿನ ಒಂದು ಕ್ಯಾಸೆಟ್ಟು ಮಾಡಿ ಕೊಡಬೇಕೆಂದಿದೆ. ಮನೆಯಲ್ಲಿ ಇರಲಿ, ಮೊಮ್ಮಕ್ಕಳು ಕೇಳಲಿ ಎಂದು. ಇಷ್ಟು ಹೇಳಿ, ಇತ್ತೀಚೆಗೆ ನಡೆದ ಒಂದು ಸಂಗತಿಯನ್ನು ಹೇಳಲೋ ಬೇಡವೋ ಎಂಬಂತೆ ಹೇಳುತ್ತಾರೆ. ಒಂದು ಮಧ್ಯಾಹ್ನ ಚಳ್ಳಕೆರೆಯ ಅಂಗಡಿಗೆ ಯರ್ರಪ್ಪನವರು ಬಂದರಂತೆ. ಶೇಂಗಾ ಮಂಡಿಗೆ ಬಂದಿದ್ದೆ, ಹಂಗೇ ಬಂದೆ ಎಂದರಂತೆ. ತುಂಬಾ ಹೊತ್ತು ಹಾರ್ನುಗಳನ್ನು ನೋಡುತ್ತ ನಿಂತಿದ್ದು, ಆಮೇಲೆ ನಮ್ಮನೆಯೋಳು ಮಾತಾಡಿದ ಕ್ಯಾಸೆಟ್ಟು ಐತಾ ಎಂದು ಕೇಳಿದರಂತೆ. ಮುಖ್ಯ ಕಚೇರಿಗೆ ಕಳಿಸುವ ಮೊದಲು ತೆಗೆದಿಟ್ಟುಕೊಂಡಿದ್ದ ನಕಲನ್ನು ಪ್ರೇಮಕ್ಕ ಹುಡುಕಿ ಹಾಕಿದರು.

"ಬಾಗಿಲ ಹತ್ರಾನೇ ನಿಂತು ಕೇಳಿದ್ರು. ಹೊರಗೆ ಲಾರಿ, ಹಾರ್ನು. 'ಸ್ವಲ್ಪ ಜೋರು ಇಡಮ್ಮಾ, ಕೇಳ್ತಿಲ್ಲ' ಅಂದ್ರು."

ನೀವು ಜೋರು ಮಾಡಿದಿರಾ ಎಂದು ನಾನು ಕೇಳುತ್ತೇನೆ.

"ಇಲ್ಲ. ನಾನು ನೋಡಿ ಇಟ್ಟಿರೋ ಲೆವೆಲ್ಲು ಅದು, ಸರಿಯಾಗೇ ಐತೆ. 'ನೀವೇ ಸ್ವಲ್ಪ ಹತ್ರ ಬರ್ರಿ ಯಜಮಾನ್ರೇ' ಅಂದೆ," ಎನ್ನುತ್ತಾರೆ ಪ್ರೇಮಕ್ಕ. "ಬಂದ್ರು. ಬಂದು ಕುಂತ್ಕಂಡು ಪೂರ್ತಿ ಕೇಳಿದ್ರು."